ಎಡಗಿವಿಗೆ ಸಾಕ್ಷಿ

ಮಾರ್ಚ್ 4

ಪಟ್ಟಿ,

ಈ ಹೆಸರಿನಿಂದ ನಿನ್ನನ್ನು ಯಾರಾದರೂ ಕರೆದು ಇಪ್ಪತ್ತೊಂದು ವರ್ಷವಾಗಿರಬೇಕು. ಗಾಯಕ್ಕೆ ಪಟ್ಟಿ ಕಟ್ಟುವವನೂ ನೀನೇ, ಯಾರಿಗೆ ಏನಾಗಿದೆ ಅಂತ ಪಟ್ಟಿ ಬರೆಯುವವನೂ ನೀನೇ ಅಂತ ಆ ಹೆಸರಿಟ್ಟವನು ನಾನು. ನಮ್ಮ ಫಿರಂಗಿ ದಳದ ಮೂರನೇ ತೋಪಿನ ಉದ್ದಣ್ಣ. ಔಷಧಿ ಟೆಂಟಿನ ಅಡ್ಡಗೋಲಿಗೆ ಬಂದಾಗಲೆಲ್ಲ ಹಣೆ ಹೊಡೆಸಿಕೊಂಡು, ಅದಕ್ಕೂ ನಿನ್ನ ಹತ್ತಿರವೇ ಮುಲಾಮು ಹಚ್ಚಿಸಿಕೊಳ್ಳುತ್ತಿದ್ದವನು.

ನಮ್ಮ ದಳದ ಹಳೇ ಗುಮಾಸ್ತ ನಿನ್ನ ವಿಳಾಸ ಕೊಟ್ಟ. ಫೋನ್ ನಂಬರೂ ಕೊಟ್ಟ, ಆದರೆ ಫೋನಿನಲ್ಲಿ ನನಗೆ ಮಾತು ಕೇಳಿಸುವುದಿಲ್ಲ. ಎದುರಿಗಿದ್ದರೆ ತುಟಿ ನೋಡಿ ಹೇಗೋ ಹಿಡಿಯುತ್ತೇನೆ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ ಕಾಲುಭಾಗ ಉಳಿದಿದೆ ಅಂತ ಡಾಕ್ಟರ್ ಹೇಳಿದರು. ಎರಡರಲ್ಲೂ ಒಂದೇ ಸಮನೆ ಸಿಳ್ಳೆ. ನಿದ್ದೆಯಲ್ಲೂ ನಿಲ್ಲುವುದಿಲ್ಲ.

ನೇರ ವಿಷಯಕ್ಕೆ ಬರುತ್ತೇನೆ. ಸೇವೆಯಲ್ಲಿ ಆದ ಊನ ಅಂತ ಪಿಂಚಣಿ ಮಂಡಳಿಗೆ ಎರಡು ಸಲ ಅರ್ಜಿ ಹಾಕಿದೆ. ಎರಡು ಸಲವೂ ಒಂದೇ ಉತ್ತರ: “ಅರ್ಜಿದಾರರ ಕಿವುಡಿಗೂ ಸೇವೆಗೂ ಸಂಬಂಧವಿರುವುದು ಸಾಬೀತಾಗಿಲ್ಲ.” ಸೈನ್ಯ ಬಿಟ್ಟ ಮೇಲೆ ಹದಿನೆಂಟು ವರ್ಷ ಮರದ ಕಾರ್ಖಾನೆಯಲ್ಲಿ ಗರಗಸದ ಮಿಷನ್ ಮುಂದೆ ನಿಂತಿದ್ದೀರಿ, ಕಿವಿ ಅಲ್ಲಿ ಹೋಗಿರಬೇಕು ಅನ್ನುತ್ತಾರೆ. ಮಿಷನ್ ಸದ್ದು ಮಾಡುತ್ತೆ, ಇಲ್ಲ ಅನ್ನಲ್ಲ. ಆದರೆ ತೋಪಿನ ಅಭ್ಯಾಸದ ಬಯಲಿನಲ್ಲಿ ಗುಂಡು ಸಿಡಿದ ದಿನ ನನ್ನ ಕಿವಿಯಿಂದ ರಕ್ತ ಒರೆಸಿದವನು ನೀನು. ಒರೆಸಿ, ಕೈ ತೊಳೆದು, ರಿಜಿಸ್ಟರು ತೆಗೆದು ಬರೆದಿದ್ದನ್ನೂ ನಾನು ನೋಡಿದ್ದೇನೆ.

ಕಣ್ಣಾರೆ ಕಂಡವರ ಹೇಳಿಕೆ ಬೇಕಂತೆ. ಏನಾಯಿತೋ ಅದನ್ನು ನಾಲ್ಕು ಸಾಲಿನಲ್ಲಿ ಬರೆದು ಸಹಿ ಹಾಕಿ ಕಳಿಸು. ಸೆಪ್ಟೆಂಬರ್ 18ಕ್ಕೆ ಕೊನೆಯ ವಿಚಾರಣೆ. ಅದಾದ ಮೇಲೆ ಬಾಗಿಲು ಮುಚ್ಚುತ್ತದೆ.

ನಾನು ಚೆನ್ನಾಗಿದ್ದೇನೆ. ನನ್ನ ಹೆಂಡತಿ ಸ್ವಲ್ಪ ದಿನದ ಮಟ್ಟಿಗೆ ತಮ್ಮನ ಮನೆಗೆ ಹೋಗಿದ್ದಾಳೆ. ನಿನ್ನ ಮನೆಯಲ್ಲಿ ಎಲ್ಲರೂ ಕ್ಷೇಮವೇ?

ಉದ್ದಣ್ಣ

*

ಮಾರ್ಚ್ 29

ಉದ್ದಣ್ಣನಿಗೆ,

ನಿನ್ನ ಕಾಗದ ನೋಡಿ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ. ಉತ್ತರ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಇಲ್ಲಿನ ದೊಡ್ಡ ಆಸ್ಪತ್ರೆಯ ಔಷಧಿ ಉಗ್ರಾಣದ ಜವಾಬ್ದಾರಿ ನನ್ನ ಮೇಲಿದೆ. ಬೆಳಿಗ್ಗೆ ಎಂಟಕ್ಕೆ ಬೀಗ ತೆಗೆದರೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ನಿವೃತ್ತಿಗೆ ಇನ್ನು ಒಂದೂವರೆ ವರ್ಷ. ಮಂಡಿ ನೋವು ಶುರುವಾಗಿದೆ. ನನ್ನವಳು ಆರಾಮಾಗಿದ್ದಾಳೆ. ಮಗಳು ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಳೆ, ನನಗಿಂತ ಚೆನ್ನಾಗಿ ಪಟ್ಟಿ ಕಟ್ಟುತ್ತಾಳೆ.

ನಿನ್ನ ಕಿವಿಯ ವಿಷಯ ಓದಿ ಬೇಜಾರಾಯಿತು. ಆದರೆ ನೋಡು, ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ದಿನಕ್ಕೆ ಮೂವತ್ತು ಜನ ಬರುತ್ತಿದ್ದರು. ಯಾರಿಗೆ ಯಾವ ದಿನ ಏನಾಯಿತು ಅಂತ ಖಚಿತವಾಗಿ ಹೇಳುವಷ್ಟು ನೆನಪು ನನಗೆ ಉಳಿದಿಲ್ಲ. ತಪ್ಪು ಹೇಳಿ ನಿನ್ನ ಅರ್ಜಿಯನ್ನೇ ಕೆಡಿಸಿದಂತಾಗಬಾರದಲ್ಲ. ಆಗಿನ ನಮ್ಮ ಮೇಜರ್ ತೀರಿಕೊಂಡರಂತೆ, ಇದ್ದಿದ್ದರೆ ಅವರನ್ನು ಕೇಳಬಹುದಿತ್ತು. ತೋಪಿನ ಮೇಲೆ ನಿನ್ನ ಜೊತೆಯಿದ್ದವರು ಯಾರಾದರೂ ಸಿಕ್ಕಾರು, ವಿಚಾರಿಸು.

ಈಗ ಒಳ್ಳೊಳ್ಳೆಯ ಶ್ರವಣಯಂತ್ರ ಬಂದಿವೆ. ನಮ್ಮ ಆಸ್ಪತ್ರೆಯ ಕಿವಿ ಡಾಕ್ಟರ್ ನನಗೆ ಪರಿಚಯ. ಒಂದು ಸಲ ಬಾ, ತೋರಿಸೋಣ.

ನಿನ್ನ,
ಪಟ್ಟಿ

*

ಏಪ್ರಿಲ್ 6

ಪಟ್ಟಿ,

ಮರೆತಿದ್ದೀಯ ಅಂದಿದ್ದು ನೋಡಿ ಮೊದಲು ಕಸಿವಿಸಿಯಾಯಿತು. ಆಮೇಲೆ ಯೋಚಿಸಿದೆ. ನನಗೆ ಅದು ಒಂದೇ ದಿನ, ನಿನಗೆ ಮೂವತ್ತು ಜನರಲ್ಲಿ ಒಬ್ಬ. ತಪ್ಪು ನಿನ್ನದಲ್ಲ. ಅದಕ್ಕೇ ಎಲ್ಲ ಬಿಡಿಸಿ ಬರೆಯುತ್ತೇನೆ, ಓದುತ್ತಾ ಹೋದರೆ ನೆನಪಾಗುತ್ತದೆ.

ಅಕ್ಟೋಬರ್ 12. ಅಭ್ಯಾಸದ ಎರಡನೇ ದಿನ. ಬೆಳಿಗ್ಗೆ ಮಂಜು ಕರಗುವವರೆಗೆ ಕಾಯಿಸಿ ಹತ್ತು ಗಂಟೆಗೆ ಶುರು ಮಾಡಿದರು. ನಾನು ತೋಪಿನ ಎಡಕ್ಕೆ, ಗುಂಡು ತುಂಬುವ ಕೆಲಸ. ಐದು ಸರಿಯಾಗಿ ಹೋದವು. ಆರನೆಯದು ತೋಪಿನ ಬಾಯಿ ದಾಟಿ ಸ್ವಲ್ಪ ದೂರದಲ್ಲೇ ಸಿಡಿಯಿತು. ಯಾರೂ ಸಾಯಲಿಲ್ಲ, ಅದೇ ದೊಡ್ಡದು. ನಾನು ಬಿದ್ದೆ. ಎದ್ದಾಗ ಎಲ್ಲರ ಬಾಯಿ ಆಡುತ್ತಿತ್ತು, ಮಾತು ಇರಲಿಲ್ಲ. ನನ್ನ ಕಾಲ ಮೇಲೆ ನಾನೇ ನಡೆದು ನಿನ್ನ ಟೆಂಟಿಗೆ ಬಂದೆ. ಅವತ್ತು ಒಂದೇ ಒಂದು ದಿನ ಅಡ್ಡಗೋಲಿಗೆ ತಲೆ ಬಡಿಯಲಿಲ್ಲ, ಯಾಕೆಂದರೆ ಬಗ್ಗಿಕೊಂಡೇ ಬಂದಿದ್ದೆ. ನೀನು ನನ್ನ ಗದ್ದ ಹಿಡಿದು ತಿರುಗಿಸಿ ಎಡಗಿವಿ ನೋಡಿ, ಏನೋ ಅಂದೆ. ಏನಂದೆ ಅಂತ ಇವತ್ತಿಗೂ ಗೊತ್ತಿಲ್ಲ.

ಎರಡು ದಿನ ಬಿಟ್ಟು ನೀನು ರಜೆ ಮೇಲೆ ಹೋದೆ. ಅಲ್ಲಿಂದಲೇ ಬೇರೆ ಕಡೆ ವರ್ಗವಾಯಿತು ಅಂದರು. ಹೇಳದೆ ಹೋದೆಯಲ್ಲ ಅಂತ ಆಗ ಬೈದುಕೊಂಡಿದ್ದೆ.

ಆ ರಿಜಿಸ್ಟರಿನ ನಕಲು ಬೇಕು ಅಂತ ದಾಖಲೆ ಕಚೇರಿಗೆ ಬರೆದಿದ್ದೇನೆ. ಅದು ಬಂದರೆ ಅರ್ಧ ಕೆಲಸ ಮುಗಿದ ಹಾಗೆ, ಉಳಿದರ್ಧ ನಿನ್ನ ಹೇಳಿಕೆ. ಶ್ರವಣಯಂತ್ರ ನೋಡಿದ್ದೇನೆ. ಎಡಗಿವಿಯಲ್ಲಿ ಇಟ್ಟರೆ ಗೋಡೆಗೆ ಇಟ್ಟ ಹಾಗೆ.

ಹೆಂಡತಿ ಇನ್ನೂ ಬಂದಿಲ್ಲ. ತಮ್ಮನಿಗೆ ಹುಷಾರಿಲ್ಲ, ನೋಡಿಕೊಳ್ಳಲು ಯಾರಾದರೂ ಬೇಕು.

ಉದ್ದಣ್ಣ

*

ಜೂನ್ 11

ನಿನ್ನಿಂದ ಉತ್ತರ ಬರಲಿಲ್ಲ. ದಾಖಲೆ ಕಚೇರಿಯಿಂದ ನಕಲು ಬಂತು. ಅದರ ಇನ್ನೊಂದು ನಕಲು ಇದರ ಜೊತೆ ಇಟ್ಟಿದ್ದೇನೆ.

ಅಕ್ಟೋಬರ್ 12ರ ಪುಟ. ಏಳನೇ ಸಾಲಿನಲ್ಲಿ ನನ್ನ ನಂಬರು. ಅದರ ಮುಂದೆ: “ನೆಗಡಿ. ಎಡಗಿವಿ ಸೋರುವಿಕೆ. ಔಷಧಿ ಹಾಕಲಾಗಿದೆ. ಕೆಲಸಕ್ಕೆ ಯೋಗ್ಯ.”

ಮಂಡಳಿಯ ಗುಮಾಸ್ತರು ಇದನ್ನು ನೋಡಿ, ನಿಮಗೆ ಮೊದಲಿನಿಂದಲೂ ಕಿವಿ ಸೋರುವ ಕಾಯಿಲೆ ಇತ್ತಲ್ಲ ಅಂದರು. ನಾನೇ ತರಿಸಿಕೊಟ್ಟ ಕಾಗದವೇ ನನ್ನ ವಿರುದ್ಧ ನಿಂತಿತು.

ಇದು ನಿನ್ನ ಅಕ್ಷರ. ನನಗೆ ಗೊತ್ತು. ನನ್ನ ಮನೆಗೆ ಎಷ್ಟೋ ಕಾಗದ ನನ್ನ ಪರವಾಗಿ ನೀನೇ ಬರೆದುಕೊಟ್ಟಿದ್ದೀಯ.

ನೆನಪಿಲ್ಲ ಅಂತ ಬರೆದೆಯಲ್ಲ. ಅದನ್ನೇ ಇನ್ನೊಂದು ಸಲ ಬರೆದು ಕಳಿಸು, ಸಾಕು. ಇಟ್ಟುಕೊಳ್ಳುತ್ತೇನೆ.

*

ಆಗಸ್ಟ್ 2

ಉದ್ದಣ್ಣ,

ಐವತ್ತು ದಿನದಲ್ಲಿ ಏಳು ಕಾಗದ ಬರೆದು ಹರಿದಿದ್ದೇನೆ. ಇದನ್ನು ಹರಿಯುವ ಮೊದಲು ಅಂಚೆಗೆ ಹಾಕಲು ಮಗಳ ಕೈಗೆ ಕೊಡುತ್ತೇನೆ.

ನನಗೆ ನೆನಪಿದೆ. ಒಂದು ದಿನವೂ ಮರೆತಿಲ್ಲ. ನಿನ್ನ ಗದ್ದ ಹಿಡಿದು ತಿರುಗಿಸಿ ನಾನು ಅಂದಿದ್ದು, “ಕಿವಿಯ ತಮಟೆ ಹರಿದಿದೆ, ನಾಳೆಯೇ ನಿನ್ನನ್ನ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ” ಅಂತ. ನಿನಗೆ ಕೇಳಿಸಿರಲಿಲ್ಲ ಅಂತ ಈಗ ಗೊತ್ತಾಯಿತು. ಮಾತು ಕೊಟ್ಟು ತಪ್ಪಿದೆ, ಅದು ಉದ್ದಣ್ಣನಿಗೂ ಗೊತ್ತು ಅಂತಲೇ ಇಷ್ಟು ವರ್ಷ ತಲೆ ತಪ್ಪಿಸಿಕೊಂಡಿದ್ದೆ.

ನೀನು ಟೆಂಟಿನಿಂದ ಹೋದ ಮೇಲೆ ನಾನು ಬರೆದಿದ್ದು ನಿಜವನ್ನೇ. ಸ್ಫೋಟ, ರಕ್ತ, ಹರಿದ ತಮಟೆ, ಎಲ್ಲ. ಮಧ್ಯಾಹ್ನ ಮೇಜರ್ ಕರೆಸಿದರು. ಆ ಪೆಟ್ಟಿಗೆಯ ಗುಂಡುಗಳನ್ನು ಬಳಸಬಾರದು ಅಂತ ಹಿಂದಿನ ವಾರವೇ ಆದೇಶ ಬಂದಿತ್ತು, ಅವರು ನೋಡದೆ ಬಿಟ್ಟಿದ್ದರು. ಮೇಜಿನ ಮೇಲೆ ನನ್ನ ರಿಜಿಸ್ಟರು, ಪಕ್ಕದಲ್ಲಿ ನನ್ನ ರಜೆ ಅರ್ಜಿ. ನನ್ನವಳಿಗೆ ದಿನ ತುಂಬಿತ್ತು, ಏನೋ ತೊಡಕಾಗಿದೆ ಅಂತ ತಂತಿ ಬಂದಿತ್ತು. ಅರ್ಜಿ ಒಂಬತ್ತು ದಿನದಿಂದ ಅವರ ಹತ್ತಿರವೇ ಬಿದ್ದಿತ್ತು.

“ಈ ಪುಟ ಇನ್ನೊಮ್ಮೆ ಚೆನ್ನಾಗಿ ಬರಿ. ಆಮೇಲೆ ಇದಕ್ಕೆ ಸಹಿ ಹಾಕ್ತೀನಿ,” ಅಂದರು. ಗದರಿಸಲಿಲ್ಲ. ಗದರಿಸಿದ್ದರೆ ಇವತ್ತು ಹೇಳಿಕೊಳ್ಳಲು ನನಗೆ ಒಂದು ನೆಪವಾದರೂ ಇರುತ್ತಿತ್ತು.

ಪುಟ ಕಿತ್ತೆ. ಹೊಸ ಪುಟದಲ್ಲಿ ನೆಗಡಿ ಅಂತ ಬರೆದೆ. ನಿನ್ನನ್ನು ದೊಡ್ಡಾಸ್ಪತ್ರೆಗೆ ಕಳಿಸುವ ಚೀಟಿಯನ್ನೂ ಹರಿದೆ. ನಾನು ಊರು ತಲುಪಿದ ಮರುದಿನ ಮಗಳು ಹುಟ್ಟಿದಳು. ಅವಳ ಅಮ್ಮನಿಗೆ ರಕ್ತ ಬೇಕಾಯಿತು, ನನ್ನದೇ ಹೊಂದಿತು. ನಾನು ಅಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತೋ. ಆ ಒಂದು ಮಾತನ್ನು ಇಪ್ಪತ್ತೊಂದು ವರ್ಷ ನನಗೆ ನಾನೇ ಹೇಳಿಕೊಂಡು ಬದುಕಿದ್ದೇನೆ. ಆ ದಳಕ್ಕೆ ಮತ್ತೆ ಬರದಿರಲು ವರ್ಗ ಕೇಳಿಕೊಂಡಿದ್ದೂ ನಾನೇ.

ಕಳೆದ ವಾರ ನೀನು ಕಳಿಸಿದ್ದ ನಕಲು ಮಗಳ ಕಣ್ಣಿಗೆ ಬಿತ್ತು. ಕೂರಿಸಿಕೊಂಡು ಎಲ್ಲ ಹೇಳಿದೆ. “ನಿನ್ನಿಂದಾಗಿ, ನಿನಗೋಸ್ಕರ” ಅಂತ ಅವಳಿಗೆ ಏನೋ ಹೇಳಲು ಶುರು ಮಾಡಿದ್ದೆ. ಅವಳು ತಡೆದಳು. “ಅಪ್ಪ, ನಾನು ಹುಟ್ಟಿದ್ದಕ್ಕೂ ನೀವು ಸುಳ್ಳು ಬರೆದಿದ್ದಕ್ಕೂ ಸಂಬಂಧ ಕಟ್ಟಬೇಡಿ. ಅದನ್ನ ನನ್ನ ತಲೆ ಮೇಲೆ ಹಾಕಬೇಡಿ,” ಅಂದಳು. ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಅವಳೇ ನೋಟರಿಯ ವಿಳಾಸ ಬರೆದು ತಂದುಕೊಟ್ಟಳು.

ಹೇಳಿಕೆ ಲಗತ್ತಿಸಿದ್ದೇನೆ. ಮೂರು ಪುಟ, ಪ್ರತಿ ಪುಟಕ್ಕೂ ಸಹಿ ಇದೆ. ಕ್ಷಮಿಸು ಅಂತ ಬರೆಯಲು ಕೈ ಬರುತ್ತಿಲ್ಲ. ಅದು ಬಹಳ ಚಿಕ್ಕ ಪದ.

ಪಟ್ಟಿ

*

ಆಗಸ್ಟ್ 9

ಪಟ್ಟಿ,

ನಿನ್ನ ಕಾಗದ ಓದಿ ಹೊರಗೆ ಹೋಗಿ ಮೂರು ಬೀದಿ ಸುತ್ತಿ ಬಂದೆ. ನೀನು ಎದುರಿಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಆ ಚೀಟಿ ಹರಿಯದೆ ಕೊಟ್ಟಿದ್ದರೆ ಬಲಗಿವಿಯಾದರೂ ಉಳಿಯುತ್ತಿತ್ತೋ ಏನೋ ಅನ್ನುವುದು ತಲೆಯಿಂದ ಹೋಗುತ್ತಿಲ್ಲ. ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ.

ಆದರೆ ನಾನೂ ಮುಚ್ಚಿಟ್ಟಿದ್ದು ಇದೆ. ಸೈನ್ಯದಿಂದ ಬಿಡುವಾಗ ವೈದ್ಯರು ಆರು ಅಡಿ ದೂರ ನಿಂತು ಪಿಸುಗುಟ್ಟಿ, ಅದನ್ನೇ ಹೇಳು ಅನ್ನುತ್ತಾರಲ್ಲ, ನಾನು ಅವರ ತುಟಿ ನೋಡಿ ಹೇಳಿದೆ. ಕಿವುಡ ಅಂತ ಬರೆದರೆ ಹೊರಗೆ ಯಾರು ಕೆಲಸ ಕೊಡುತ್ತಾರೆ ಅಂತ ಹೆದರಿಕೆ. “ಶ್ರವಣ ಸರಿಯಿದೆ” ಅಂತ ಬರೆಸಿಕೊಂಡು ಖುಷಿಯಾಗಿ ಹೊರಬಿದ್ದೆ. ಮಂಡಳಿಯವರ ಹತ್ತಿರ ಆ ಕಾಗದವೂ ಇದೆ.

ಕಾರ್ಖಾನೆಯಲ್ಲೂ ಯಾರಿಗೂ ಹೇಳಲಿಲ್ಲ. ನಗುವ ಜಾಗದಲ್ಲಿ ನಕ್ಕೆ, ಹೌದು ಅನ್ನುವ ಕಡೆ ತಲೆಯಾಡಿಸಿದೆ. ಮನೆಯಲ್ಲಿ ಹೆಂಡತಿ ಕರೆದರೆ ತಿರುಗುತ್ತಿರಲಿಲ್ಲ. ಬೇಕಂತಲೇ ಕೇಳಿಸಿಕೊಳ್ಳಲ್ಲ ಅಂತ ಅವಳಿಗೆ ಕೋಪ. ಜಗಳ ಆಗಲಿ, ಕಿವುಡ ಅನ್ನಿಸಿಕೊಳ್ಳುವುದು ಬೇಡ ಅಂತ ಸುಮ್ಮನಿದ್ದೆ. ಕಳೆದ ವರ್ಷ ಡಿಸೆಂಬರಿನಲ್ಲಿ ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ಭಾವಮೈದ, ಅಂದರೆ ಹೆಂಡತಿಯ ತಮ್ಮ, ಗರಗಸದ ಆ ಕಡೆ ಸಿಕ್ಕಿಕೊಂಡ ಮರದ ಚೂರು ತೆಗೆಯುತ್ತಿದ್ದ. “ಹಾಕಬೇಡಿ” ಅಂತ ಕೂಗಿದನಂತೆ. ನಾನು ಸ್ವಿಚ್ ಹಾಕಿದೆ. ಅವನ ಬಲಗೈಯ ಎರಡು ಬೆರಳು ಹೋದವು.

ಅವನನ್ನು ನೋಡಿಕೊಳ್ಳಲು ಹೋದ ನನ್ನ ಹೆಂಡತಿ ಇನ್ನೂ ಬಂದಿಲ್ಲ. ಸ್ವಲ್ಪ ದಿನದ ಮಟ್ಟಿಗೆ ಅಂತ ನಿನಗೆ ಬರೆದೆನಲ್ಲ, ಅದು ನನ್ನ ಆಸೆ. ಕೂಗಿದ್ದು ಕೇಳಿಯೂ ಹಾಕಿದೆ ಅಂತ ಅಲ್ಲಿ ಅಂದುಕೊಂಡಿದ್ದಾರೋ ಏನೋ. ನನಗೆ ಮಂಡಳಿಯ ಕಾಗದ ಯಾಕೆ ಬೇಕು ಅಂತ ಈಗ ಗೊತ್ತಾಯಿತಲ್ಲ. ನನ್ನ ಬಾಯಿಮಾತು ನಂಬಿ ಅಂತ ಹೇಳುವ ಯೋಗ್ಯತೆ ನನಗೆ ಉಳಿದಿಲ್ಲ. ಸೀಲು ಬಿದ್ದ ಕಾಗದ ಹೇಳಬೇಕು.

ಒಂದು ಮಾತು. ಈ ಹೇಳಿಕೆ ಕೊಟ್ಟರೆ, ಸುಳ್ಳು ದಾಖಲೆ ಬರೆದವನು ಅಂತ ನಿನ್ನ ಆಸ್ಪತ್ರೆಗೆ ಗೊತ್ತಾಗುತ್ತದೆ. ಔಷಧಿ ಉಗ್ರಾಣದ ಬೀಗ ನಿನ್ನ ಕೈಯಲ್ಲಿ ಇಡುತ್ತಾರಾ? ನಿವೃತ್ತಿಗೆ ಒಂದು ವರ್ಷ ಉಳಿದಿದೆ. ನೀನು ಹೇಳಿದರೆ ಮಾತ್ರ ಕೊಡುತ್ತೇನೆ, ಇಲ್ಲದಿದ್ದರೆ ವಾಪಸು ಕಳಿಸುತ್ತೇನೆ.

ಉದ್ದಣ್ಣ

*

ಆಗಸ್ಟ್ 13

ಕೊಡು. ಕಾಗದ ಸಾಲದು ಅಂದರೆ ನಾನೇ ಬರುತ್ತೇನೆ.

ಪಟ್ಟಿ

*

ಅಕ್ಟೋಬರ್ 20

ಪಟ್ಟಿ,

ಮಂಡಳಿಯ ತೀರ್ಮಾನ ನಿನ್ನೆ ಬಂತು. ಎಡಗಿವಿಯ ಕಿವುಡು ಸೇವೆಯಿಂದಲೇ ಆದದ್ದು ಅಂತ ಒಪ್ಪಿದ್ದಾರೆ. ಬಲಗಿವಿ ಮತ್ತು ಸಿಳ್ಳೆಯ ವಿಷಯದಲ್ಲಿ ಕಾರ್ಖಾನೆಯ ಸದ್ದೂ ಕಾರಣವಿರಬಹುದು ಅಂತ ಬಿಟ್ಟಿದ್ದಾರೆ. ನಾನು ತುಟಿ ನೋಡಿ ವೈದ್ಯರಿಗೆ ಮೋಸ ಮಾಡಿದ್ದನ್ನು ಅವರ ಮುಂದೆ ಹೇಳಿದೆನಲ್ಲ, ಅದಕ್ಕೂ ಒಂದು ಸಾಲು ಬೈಗುಳ ಇದೆ. ಇರಲಿ. ಅರ್ಧ ತಲೆಯಾದರೂ ಸರ್ಕಾರದ್ದಾಯಿತು.

ಕಾಗದ ಹಿಡಿದುಕೊಂಡು ಸೀದಾ ಭಾವಮೈದನ ಮನೆಗೆ ಹೋದೆ. ಹೆಂಡತಿ ಬಾಗಿಲು ತೆಗೆದಳು. ಅವನು ಎಡಗೈಯಲ್ಲಿ ಕಾಗದ ಹಿಡಿದು ಪೂರ್ತಿ ಓದಿದ. ನನಗೆ ಕಾಣುವ ಹಾಗೆ ಮುಖ ಎತ್ತಿ, ನಿಧಾನವಾಗಿ ಹೇಳಿದ: “ಭಾವ, ನೀವು ಬೇಕಂತ ಮಾಡಿದ್ರಿ ಅಂತ ನಾನು ಒಂದು ದಿನಾನೂ ಅಂದುಕೊಂಡಿರಲಿಲ್ಲ. ಕೇಳಿಸಲ್ಲ ಅಂತ ಒಂದು ಮಾತು ಹೇಳಿದ್ರೆ ನಾನು ಕೂಗ್ತಾನೇ ಇರಲಿಲ್ಲ. ಎದ್ದು ಬಂದು ಸ್ವಿಚ್ ಪಕ್ಕದಲ್ಲಿ ನಿಂತ್ಕೋತಿದ್ದೆ.” ನಾನು ಹೊತ್ತು ತಂದ ಸೀಲು, ಸಹಿ ಯಾವುದೂ ಅವನಿಗೆ ಬೇಕಿರಲಿಲ್ಲ. ಹತ್ತು ತಿಂಗಳಿಂದ ನಾನು ಹೇಳದಿದ್ದ ಮಾತಿಗೆ ಕಾಯುತ್ತಿದ್ದ. ಅಲ್ಲೇ ಕೂತು ಹೇಳಿದೆ. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಮುಂದಿನ ವಾರ ಬರುತ್ತೇನೆ ಅಂದಿದ್ದಾಳೆ. ಈ ಸಲ ಅವಳೇ ಅಂದಿದ್ದು.

ಇನ್ನು ನಿನ್ನ ವಿಷಯ. ಅಷ್ಟು ದೂರದಿಂದ ವಿಚಾರಣೆಗೆ ಬಂದೆ. ಆ ಕೋಣೆಯಲ್ಲಿ ನಿನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು, ನಾನು ಹಿಂದೆ. ನಿನ್ನ ಬೆನ್ನು ಬಿಟ್ಟು ನನಗೆ ಏನೂ ಕಾಣಲಿಲ್ಲ. ಅಧ್ಯಕ್ಷೆ ಏನೋ ಕೇಳಿದರು, ನೀನು ಏನೋ ಹೇಳಿದೆ. ಬರೆದುಕೊಳ್ಳುತ್ತಿದ್ದವನು ಪೆನ್ನು ನಿಲ್ಲಿಸಿ ನಿನ್ನ ಮುಖ ನೋಡಿದ. ನೀನು ಏನು ಹೇಳಿದೆ? ತೀರ್ಮಾನದಲ್ಲಿ “ಸಾಕ್ಷಿಯ ಹೇಳಿಕೆ ನಂಬಲರ್ಹ” ಅಂತ ಮೂರೇ ಪದ ಇದೆ.

ಮುಗಿದ ಮೇಲೆ ನನ್ನನ್ನು ಮಾತಾಡಿಸದೆ ಹೊರಟುಹೋದೆ. ಸಾಕ್ಷಿ ಹೇಳಿ ಕೈ ತೊಳೆದುಕೊಂಡ ಅಂದುಕೊಂಡು ಒಂದು ತಿಂಗಳು ಮುನಿಸಿಕೊಂಡಿದ್ದೆ. ಈಗ ಅದೂ ಸಾಕಾಯಿತು. ಬರಿ.

ಉದ್ದಣ್ಣ

*

ಅಕ್ಟೋಬರ್ 25

ಉದ್ದಣ್ಣ,

ನಿನ್ನ ಕಾಗದವನ್ನು ಮಗಳು ಗಟ್ಟಿಯಾಗಿ ಓದಿದಳು. ಮೂವರೂ ಕೇಳಿದೆವು. ನಿನ್ನ ಭಾವಮೈದನ ಮಾತು ಬಂದ ಕಡೆ ನನ್ನವಳು ಇನ್ನೊಂದು ಸಲ ಓದು ಅಂದಳು.

ಮೊದಲು ನನ್ನ ಸುದ್ದಿ, ಬೇರೆಯವರಿಂದ ಗೊತ್ತಾಗುವುದು ಬೇಡ. ವಿಚಾರಣೆಗೆ ಹೊರಡುವ ಮೊದಲು ನಾನೇ ಆಸ್ಪತ್ರೆಯ ಮೇಲಧಿಕಾರಿಗೆ ಹೇಳಿದ್ದೆ. ಉಗ್ರಾಣದ ಬೀಗ ತೆಗೆದುಕೊಂಡರು. ಈಗ ಮುಂಬಾಗಿಲಲ್ಲಿ ಕೂತು, ಬಂದವರಿಗೆ ಯಾವ ಡಾಕ್ಟರ್ ಯಾವ ಕೋಣೆ ಅಂತ ತೋರಿಸುತ್ತೇನೆ. ಮುಂದೇನು ಅಂತ ಇನ್ನೂ ತೀರ್ಮಾನವಾಗಿಲ್ಲ. ಮೊದಲ ವಾರ ಮುಖ ಎತ್ತಲು ನಾಚಿಕೆಯಾಗುತ್ತಿತ್ತು. ಈಗ ಅಭ್ಯಾಸವಾಗಿದೆ. ನಿದ್ದೆ ಚೆನ್ನಾಗಿ ಬರುತ್ತದೆ.

ಅಧ್ಯಕ್ಷೆ ಕೇಳಿದ್ದು ಇದು: “ಒಂದು ಸಲ ಸುಳ್ಳು ಬರೆದವರು ನೀವು. ಈಗ ಹೇಳ್ತಿರೋದು ನಿಜ ಅಂತ ನಾವು ಯಾಕೆ ನಂಬಬೇಕು?”

ನಾನು ಹೇಳಿದ್ದು ಇಷ್ಟೇ. “ಅಮ್ಮಾ, ಸುಳ್ಳು ಬರೆದ ದಿನ ನನಗೆ ರಜೆ ಸಿಕ್ತು. ಹೆಂಡತಿ ಉಳಿದಳು, ಮಗಳ ಮುಖ ನೋಡಿದೆ. ಇವತ್ತು ನಿಜ ಹೇಳಿದ್ರೆ ನನಗೆ ಸಿಗೋದು ಏನೂ ಇಲ್ಲ, ಇರೋದೇ ಹೋಗುತ್ತೆ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆದರೆ ಆ ಕಿವಿಯಲ್ಲಿ ಏನಿತ್ತು ಅಂತ ಕಣ್ಣಾರೆ ಕಂಡವನು ನಾನೊಬ್ಬನೇ ಉಳಿದಿರೋದು. ನಾನೂ ಹೋದ್ರೆ, ಇವನು ಸತ್ತ ಮೇಲೂ ನೆಗಡಿಯವನಾಗೇ ಇರ್ತಾನೆ.”

ಇನ್ನು ನಿನ್ನನ್ನು ಮಾತಾಡಿಸದೆ ಹೋದ ವಿಷಯ.

ಕೋಣೆಯಿಂದ ಹೊರಗೆ ಬಂದಾಗ ನೀನು ಮೆಟ್ಟಿಲಿನ ಕಡೆ ನಡೆಯುತ್ತಿದ್ದೆ. ಹಿಂದಿನಿಂದ ಕರೆದೆ. ನೀನು ತಿರುಗಲಿಲ್ಲ. ಇನ್ನೊಮ್ಮೆ ಕರೆದೆ, ಮೂರನೇ ಸಲ ಜೋರಾಗಿಯೇ ಕೂಗಿದೆ, ಜವಾನ ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದ. ನೀನು ಮೆಟ್ಟಿಲು ಇಳಿದು ಹೋದೆ. ಇವನಿಗೆ ನನ್ನ ಮುಖ ನೋಡುವುದೂ ಬೇಡವಾಗಿದೆ, ಅದರಲ್ಲಿ ತಪ್ಪೇನಿಲ್ಲ ಅಂದುಕೊಂಡು ಬಸ್ ಹತ್ತಿದೆ. ಅರ್ಧ ಗಂಟೆ ಆ ಜನರ ಮುಂದೆ ನಿನ್ನ ಕಿವಿಯ ಬಗ್ಗೆಯೇ ಮಾತಾಡಿ ಬಂದವನು ನಾನು, ನನಗೇ ಹೊಳೆಯಲಿಲ್ಲ. ಬಸ್ಸು ಊರು ದಾಟಿದ ಮೇಲೆ ಹೊಳೆಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು, ಯಾಕಣ್ಣ ಹುಷಾರಿಲ್ವಾ ಅಂತ ಕೇಳಿದರು. ಆದರೂ ಇಳಿದು ವಾಪಸು ಬರುವ ಧೈರ್ಯವಾಗಲಿಲ್ಲ.

ಈ ಭಾನುವಾರ ಬರುತ್ತೇನೆ. ಹತ್ತು ಗಂಟೆಯ ಬಸ್ಸಿಗೆ. ಬಾಗಿಲು ಬಡಿಯುವುದಿಲ್ಲ, ಕೂಗುವುದೂ ಇಲ್ಲ. ನಿನ್ನ ಮನೆಯ ಮುಂದಿನ ಕಿಟಕಿಯ ಎದುರಿಗೆ, ನಿನಗೆ ಕಾಣುವ ಹಾಗೆ ಬಂದು ನಿಲ್ಲುತ್ತೇನೆ. ನೀನು ನೋಡುವವರೆಗೂ ನಿಂತಿರುತ್ತೇನೆ.

ಪಟ್ಟಿ